ಬಲ್ಬ್, ಬಾಲ್, ತೊಗರಿ ಕಾಳು: ಸಾಲ್ಯಾಗ ಖಗೋಳ ಪಾಠ ಕೈಯಿಂದ ಮಾಡಿಸೋದು ಹೆಂಗ

ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಟೀಚರ್‌ಗಳು ಮತ್ತ ಮತ್ತ ಕೇಳೋ ಪ್ರಶ್ನೆ ಒಂದೇ. ಸೂರ್ಯ, ಚಂದ್ರ, ಗ್ರಹಣದ ಪಾಠ ಬಂತಂದ್ರ ಬೋರ್ಡ್ ಮ್ಯಾಲ ಚಿತ್ರ ತಗದು ತಗದು ಸಾಕಾಗ್ಯದ, ಹುಡುಗ್ರು ಪರೀಕ್ಷಾದಾಗ ಬರೋಬ್ಬರಿ ಬರದು ಮಾರ್ಕ್ಸೂ ತಗೋತಾರ, ಆದ್ರ ಅದೇ ಹುಡುಗನ್ನ ಹೊರಗ ನಿಲ್ಲಿಸಿ ಇವತ್ತು ಸಂಜಿಗೆ ಚಂದ್ರ ಯಾವ ದಿಕ್ಕಿನ್ಯಾಗ ಇರ್ತಾನ ಹೇಳಪಾ ಅಂದ್ರ ಸುಮ್ನ ಮಾರಿ ನೋಡ್ತಾನ, ಏನು ಮಾಡೋದ್ರಿ? ಮಾಡೆಲ್ ಮಾಡಸ್ರಿ ಅಂತಾರ, ಯಾವ ಮಾಡೆಲ್, ಏನೇನು ಸಾಮಾನು ಬೇಕು, ಎಷ್ಟು ಹೊತ್ತು ಹಿಡೀತದ? ಅದನ್ನೆಲ್ಲ ಒಂದೇ ಕಡೆ ಇಡ್ತೀನಿ, ಯಾರಿಗೆ ಬೇಕೋ ಅವ್ರು ಇಟ್ಕೋರಿ.

ಶುರು ಮಾಡೋಕ್ಕಿಂತ ಮೊದ್ಲ ಒಂದು ಮಾತು ಹೇಳಲೇಬೇಕು. ವಿಜ್ಞಾನ ಪ್ರದರ್ಶನದಾಗ ಥರ್ಮಾಕೋಲ್ ಉಂಡಿಗೆ ಬಣ್ಣ ಹಚ್ಚಿ ತಂತಿಗೆ ಸಿಕ್ಕಿಸಿ ಒಂದೇ ಸಾಲಿನ್ಯಾಗ ನಿಲ್ಲಿಸಿರ್ತಾರಲ್ಲ ಸೌರಮಂಡಲ, ಅದನ್ನ ನೋಡಿ ಹುಡುಗ್ರು ಕಲಿಯೋದಕ್ಕಿಂತ ತಪ್ಪು ತಿಳ್ಕೊಳ್ಳೋದೇ ಜಾಸ್ತಿ. ಸೂರ್ಯ ಫುಟ್‌ಬಾಲ್‌ನಷ್ಟು, ಭೂಮಿ ನಿಂಬೆಹಣ್ಣಿನಷ್ಟು, ಚಂದ್ರ ಭೂಮಿಗೆ ಅಂಟ್ಕೊಂಡು, ಗ್ರಹಗಳೆಲ್ಲ ಒಂದೊಂದು ಗೇಣು ದೂರ. ಇದ್ರಾಗ ಒಂದೂ ಖರೆ ಇಲ್ಲ. ಮತ್ತ ಅದನ್ನ ಮಾಡೋದು ಬಹಳ ಸಲ ಅಪ್ಪ ಅಮ್ಮ, ಹುಡುಗ ಹೊತ್ಕೊಂಡು ಬರ್ತಾನ ಅಷ್ಟ. ನಾನು ಇಲ್ಲಿ ಹೇಳೋ ಮಾಡೆಲ್‌ದಾಗ ಹುಡುಗ ಮಾಡೆಲ್ ಒಳಗೇ ನಿಂತಿರ್ತಾನ, ಅವನ ತಲೀನೇ ಭೂಮಿ ಆಗ್ತದ, ಅವನ ಕಣ್ಣಿಂದನೇ ನೋಡ್ತಾನ. ಮೂರು ನಿಯಮ ಇಟ್ಕೋರಿ: ಮೊದ್ಲ ಕೇಳ್ರಿ, ಆಮ್ಯಾಲ ಮಾಡಸ್ರಿ, ಆವತ್ತೋ ಮರುದಿನವೋ ಖರೇ ಆಕಾಶ ನೋಡಿ ತಾಳೆ ಹಾಕ್ಸ್ರಿ. ಮೂರನೇದು ಬಿಟ್ರ ಇದೂ ಒಂದು ಆಟ ಆಗಿ ಹೋಗ್ತದ.

ಏನೇನು ಬೇಕು

ರೊಕ್ಕ ಬಹಳ ಬೇಕಾಗಂಗಿಲ್ಲ. ಒಂದು 9 ವಾಟ್ ಎಲ್‌ಇಡಿ ಬಲ್ಬ್, ಹೋಲ್ಡರ್, ಉದ್ದ ವೈರು (ಕರೆಂಟ್ ಹೋಗೋದು ಇದ್ದೇ ಅದ, ಅದಕ್ಕ ಚಾರ್ಜ್ ಆಗೋ ಎಮರ್ಜೆನ್ಸಿ ಬಲ್ಬ್ ಸಿಕ್ರ ಇನ್ನೂ ಛಲೋ). ಇಬ್ಬರಿಗೆ ಒಂದರಂತೆ 5 ಸೆಂ.ಮೀ. ಬಿಳಿ ಥರ್ಮಾಕೋಲ್ ಬಾಲು, ಚುಚ್ಚಾಕ ಪೆನ್ಸಿಲ್. ಒಂದು ಮೀಟರ್ ಉದ್ದದ ನೆಟ್ಟಗಿನ ಕಟಗಿ, ದಾರ, ಕಲ್ಲು, ಚಾಕ್‌ಪೀಸು. ಒಂದು ಟೇಬಲ್ ಟೆನ್ನಿಸ್ ಬಾಲು, ನಾಕು ಫೂಟಿನ ಬಿದಿರು ಕೋಲು, ಸಟಗ ಜೇಡಿಮಣ್ಣು. ಸಾಲಿ ಗ್ಲೋಬು, ಟಾರ್ಚು, ಚೌಕಳಿ ಹಾಳಿ. ಒಡದ ಕನ್ನಡಿಯ ಸಣ್ಣ ತುಣುಕು. ಒಂದು ಮುಷ್ಟಿ ತೊಗರಿ ಕಾಳು, ಸಾಸಿವಿ, ಜೋಳ. ಕಿಟಕಿಗೆ ಹಾಕ್ಲಿಕ್ಕ ಗೋಣಿ ಚೀಲ ಇಲ್ಲಾ ದಪ್ಪ ಚಾದರ, ಯಾಕಂದ್ರ ಬಲ್ಬಿನ ಆಟಕ್ಕ ಕ್ವಾಣಿ ಕತ್ತಲಿರಬೇಕು.

1. ಅಂಗಳದಾಗ ಕೋಲು ನಿಲ್ಲಸ್ರಿ

ಬಲ್ಬಿಂದ ಶುರು ಮಾಡಬ್ಯಾಡ್ರಿ, ಬಿಸಿಲಿಂದ ಶುರು ಮಾಡ್ರಿ. ನಮ್ಮ ಕಡೆ ಬಿಸಿಲಿಗೇನು ಬರ ಇಲ್ಲ. ಸಾಲಿ ಅಂಗಳದಾಗ ಶಹಾಬಾದ್ ಫರ್ಸಿ ಹಾಸಿದ್ರಂತೂ ನಿಮ್ಮ ಪುಣ್ಯ, ಸಪಾಟ ಇರ್ತದ, ಚಾಕ್‌ಪೀಸಿನ ಗುರುತು ಛಂದ ಕಾಣ್ತದ. ಒಂದು ಮೀಟರ್ ಕೋಲು ಬಕೀಟಿನ ಉಸುಕಿನ್ಯಾಗ ನೆಟ್ಟು ನಿಲ್ಲಸ್ರಿ, ಆದ್ರ ಕೋಲಿನ ಎತ್ತರ ಅಳಿಯೋದು ನೆಲದಿಂದ, ಬಕೀಟಿನ ಬಾಯಿಂದ ಅಲ್ಲ. ನೆಟ್ಟಗದನೋ ಇಲ್ಲೋ ಅಂತ ದಾರಕ್ಕ ಕಲ್ಲು ಕಟ್ಟಿ ಇಳಿಬಿಟ್ಟು ನೋಡ್ರಿ, ಗೌಂಡಿಗಳು ಗ್ವಾಡಿ ನೋಡ್ತಾರಲ್ಲ ಹಂಗೇ. ಹಳೇ ಖಗೋಳ ಗ್ರಂಥಗಳಾಗ ಈ ಕೋಲಿಗೆ ಶಂಕು ಅಂತ ಹೆಸರು.

ಮುಂಜಾನಿ 10ರ ಹೊತ್ತಿಗೆ ನೆರಳಿನ ತುದಿಗೆ ಗುರುತು ಹಾಕಿ, ಕೋಲಿನ ಬುಡಕ್ಕ ದಾರ ಹಿಡಿದು ಅಷ್ಟೇ ದೂರದ ವೃತ್ತ ಎಳೀರಿ. ಆಮ್ಯಾಲ ಕಾಲು ತಾಸಿಗೊಮ್ಮೆ ಒಬ್ಬೊಬ್ಬ ಹುಡುಗ ಹೋಗಿ ತುದಿಗೆ ಗುರುತು ಹಾಕಿ ಟೈಮ್ ಬರದು ಬರ್ಲಿ. ನೆರಳು ಸಣ್ಣದಾಗ್ತ ಆಗ್ತ ಹೋಗಿ ಮತ್ತ ದೊಡ್ಡದಾಗಿ, ಮಧ್ಯಾಹ್ನ ಆದ್ಮ್ಯಾಲ ಒಂದು ಹೊತ್ತಿನ್ಯಾಗ ಅದೇ ವೃತ್ತಕ್ಕ ಬಂದು ಮುಟ್ತದ. ಆ ಎರಡು ಗುರುತು ಸೇರಿಸಿದ್ರ ಅದು ಪೂರ್ವ-ಪಶ್ಚಿಮ ಗೆರಿ, ಅದಕ್ಕ ಲಂಬ ಎಳದ್ರ ಉತ್ತರ-ದಕ್ಷಿಣ. ದಿಕ್ಸೂಚಿ ಬೇಕಾಗೇ ಇಲ್ಲ. ಈ ಗೆರಿನ್ನ ಪೇಂಟ್‌ಲೆ ಶಾಶ್ವತ ಮಾಡಿಬಿಡ್ರಿ, ವರ್ಷಪೂರ್ತಿ ಕೆಲಸಕ್ಕ ಬರ್ತದ.

ಈಗ ಕೇಳಬೇಕಾದ ಪ್ರಶ್ನೆ: ಎಲ್ಲಾಕ್ಕಿಂತ ಸಣ್ಣ ನೆರಳು ಎಷ್ಟು ಗಂಟೆಗೆ ಬಿತ್ತು? ಹುಡುಗ್ರು 12ಕ್ಕ ಅಂತಾರ. ಅಳದು ನೋಡಿದ್ರ ಕಲಬುರಗ್ಯಾಗ ವರ್ಷದ ಸರಾಸರಿ ತಗೊಂಡ್ರ ಸುಮಾರು 12 ಗಂಟೆ 23 ನಿಮಿಷಕ್ಕ ಬರ್ತದ. ಕಾರಣ ಏನಂದ್ರ ಇಡೀ ದೇಶದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕ ಹೊಂದಿಸ್ಯಾರ, ನಾವು ಇರೋದು 76.8 ಡಿಗ್ರಿ ಹತ್ರ, ಭೂಮಿ ಒಂದು ಡಿಗ್ರಿ ತಿರುಗಾಕ 4 ನಿಮಿಷ ಬೇಕು, ಲೆಕ್ಕ ಹಾಕ್ರಿ. ಬೀದರ್‌ದಾಗ 20 ನಿಮಿಷ ತಡ, ಯಾದಗಿರಿ ಎರಡರ ನಡುವ. ಇದ್ರ ಮ್ಯಾಲ ಭೂಮಿಯ ದಾರಿ ಪೂರ್ತಿ ವೃತ್ತ ಅಲ್ಲದ್ದಕ್ಕ ಮತ್ತ ಅದರ ಅಕ್ಷ ವಾಲಿದ್ದಕ್ಕ ಇನ್ನಷ್ಟು ಹಿಂದ ಮುಂದ ಆಗ್ತದ, ನವೆಂಬರ್ ಶುರುವಿನ್ಯಾಗ 12.06ಕ್ಕೇ ಬರ್ತದ, ಫೆಬ್ರವರಿ ನಡುವ 12.37 ಆಗ್ತದ. ಹುಡುಗ್ರ ಅಳತಿ 12.23ಕ್ಕ ಬರ್ಲಿಲ್ಲ ಅಂತ ತಪ್ಪು ಅನ್ನಬ್ಯಾಡ್ರಿ, ತಿಂಗಳು ನೋಡ್ರಿ.

ಇನ್ನೊಂದು ದೊಡ್ಡ ತೊಡಕು ಇಲ್ಲೇ ಅದ. ಮಧ್ಯಾಹ್ನದ ನೆರಳು ಉತ್ತರಕ್ಕ ಬೀಳ್ತದ ಅಂತ ಓದಿರ್ತೀರಿ, ಜೂನ್‌ದಾಗ ಸಾಲಿ ಶುರು ಆದಾಗ ಕೋಲು ನಿಲ್ಲಿಸಿದ್ರ ನೆರಳು ದಕ್ಷಿಣಕ್ಕ ಬಿದ್ದಿರ್ತದ! ಗಾಬರಿ ಬ್ಯಾಡ. ಕಲಬುರಗಿ ಅಕ್ಷಾಂಶ 17.3 ಡಿಗ್ರಿ, ಅಂದ್ರ ಭೂಮಧ್ಯರೇಖೆಯಿಂದ ಉತ್ತರಕ್ಕ ಅಷ್ಟು ಡಿಗ್ರಿ, ಸೂರ್ಯ ಉತ್ತರಕ್ಕ 23.4 ಡಿಗ್ರಿ ತನಕ ಹೋಗ್ತಾನ, ಅಂದ್ರ ನಮ್ಮನ್ನ ದಾಟಿ ಹೋಗಿ ವಾಪಸ್ ಬರ್ತಾನ. ದಾಟೋ ದಿನ ಮಧ್ಯಾಹ್ನ ನೆಟ್ಟಗ ನೆತ್ತಿ ಮ್ಯಾಲ ಇರ್ತಾನ, ಕೋಲಿಗೆ ನೆರಳೇ ಇರಂಗಿಲ್ಲ, ಅದೇ ಶೂನ್ಯ ನೆರಳಿನ ದಿನ. ಕಲಬುರಗ್ಯಾಗ ಮೇ 9ರ ಆಸುಪಾಸು ಮತ್ತ ಆಗಸ್ಟ್ 3-4ರ ಆಸುಪಾಸು. ಬೀದರ್‌ದಾಗ ಮೇ 11-12 ಮತ್ತ ಆಗಸ್ಟ್ 1-2, ಯಾದಗಿರ್ಯಾಗ ಮೇ 7 ಮತ್ತ ಆಗಸ್ಟ್ 5-6ರ ಸುತ್ತ. ಮೇದಾಗ ಸೂಟಿ ಇರ್ತದ, ಆಗಸ್ಟ್‌ದಾಗ ಮೋಡ ಇರ್ತದ, ಅದಕ್ಕ ಸೂಟಿಗೆ ಹೋಗೋ ಮುಂದ ಮನ್ಯಾಗ ನೋಡ್ರಿ ಅಂತ ಹುಡುಗ್ರಿಗೆ ಹೇಳಿ ಕಳಸ್ರಿ, ಒಂದು ಸ್ಟೀಲ್ ಗ್ಲಾಸು ಬೋರಲು ಇಟ್ರೂ ಸಾಕು.

ಒಂದು ಮೀಟರ್ ಕೋಲಿಗೆ ಕಲಬುರಗಿ ಮಧ್ಯಾಹ್ನದ ನೆರಳಿನ ಲೆಕ್ಕ ಕೊಡ್ತೀನಿ, ನಿಮ್ಮ ಅಳತಿ ಜೋಡಿ ಹಚ್ಚಿ ನೋಡ್ರಿ: ಜೂನ್ 21ಕ್ಕ ದಕ್ಷಿಣಕ್ಕ ಸುಮಾರು 11 ಸೆಂ.ಮೀ., ಮಾರ್ಚ್ 21 ಮತ್ತ ಸೆಪ್ಟೆಂಬರ್ 23ರ ಸುತ್ತ ಉತ್ತರಕ್ಕ 31 ಸೆಂ.ಮೀ., ಡಿಸೆಂಬರ್ 21-22ಕ್ಕ ಉತ್ತರಕ್ಕ 86 ಸೆಂ.ಮೀ. ಅಂದ್ಹಂಗ ಎಲ್ಲಾಕ್ಕಿಂತ ಉದ್ದ ನೆರಳು ಡಿಸೆಂಬರ್‌ದಾಗೇ ಬಂದು ಹೋಗ್ತದ, ಸೂರ್ಯ ಉತ್ತರಕ್ಕ ಹೊಳ್ಳೋದು ಆವಾಗಿಂದನೇ, ಸಂಕ್ರಾಂತಿ ಬರೋದು ಜನವರಿ 14-15ಕ್ಕ. ಹಬ್ಬದ ಲೆಕ್ಕ ನಕ್ಷತ್ರದ ಹಿನ್ನೆಲೆ ಮ್ಯಾಲ ಅದ, ಭೂಮಿಯ ಅಕ್ಷ ಸಾವಿರಾರು ವರ್ಷದಾಗ ನಿಧಾನಕ್ಕ ದಿಕ್ಕು ಬದಲಿಸೋದ್ರಿಂದ ಎರಡರ ನಡುವ ಅಂತರ ಬೆಳದದ. ಹುಡುಗ್ರು ಕೇಳೇ ಕೇಳ್ತಾರ, ಉತ್ತರ ಗೊತ್ತಿರ್ಲಿ.

2. ತಲೀನೇ ಭೂಮಿ

ಇದು 10 ನಿಮಿಷದ ಕೆಲಸ, ಆದ್ರ ಮುಂದಿಂದಕ್ಕೆಲ್ಲ ಇದೇ ಬುನಾದಿ. ಕತ್ತಲ ಕ್ವಾಣ್ಯಾಗ ಬಲ್ಬ್ ಹಚ್ಚಿ ನಡುವ ತೂಗು ಹಾಕ್ರಿ, ಹುಡುಗ್ರ ಕಣ್ಣಿನ ಮಟ್ಟಕ್ಕ ಇರ್ಲಿ. ಅದು ಸೂರ್ಯ. ಹುಡುಗನ ತಲಿ ಭೂಮಿ, ನೆತ್ತಿ ಉತ್ತರ ಧ್ರುವ, ಮೂಗೇ ನಮ್ಮೂರು. ಬಲ್ಬಿಗೆ ಮಾರಿ ಮಾಡಿದ್ರ ನಮ್ಮೂರಾಗ ಮಧ್ಯಾಹ್ನ, ಬೆನ್ನು ಮಾಡಿದ್ರ ನಡುರಾತ್ರಿ. ಎರಡೂ ಕೈ ಮಗ್ಗಲಿಗೆ ಚಾಚ್ಲಿ: ಎಡಗೈ ಪೂರ್ವ, ಬಲಗೈ ಪಶ್ಚಿಮ. ಈಗ ನಿಧಾನಕ್ಕ ಎಡಕ್ಕ ತಿರುಗ್ಲಿ. ಬಲ್ಬ್ ಎಡಗೈ ತುದಿಗೆ ಹುಟ್ಟಿ ಮೂಗಿನ ಮುಂದ ಬಂದು ಬಲಗೈಗೆ ಮುಳುಗ್ತದ.

ಅರ್ಧಕ್ಕರ್ಧ ಹುಡುಗ್ರು ಬಲಕ್ಕ ತಿರುಗ್ತಾರ. ನೀವು ತಿದ್ದಬ್ಯಾಡ್ರಿ, ಸೂರ್ಯ ಯಾವ ಕೈಯಾಗ ಹುಟ್ಟಿದ ಅಂತ ಕೇಳ್ರಿ, ತಾವೇ ತಿದ್ಕೋತಾರ. ಎಲ್ಲಾರಿಗೂ ಇದು ಕೈಗೆ ಬಂದ್ಮ್ಯಾಲನೇ ಬಾಲ್ ಹಂಚ್ರಿ.

3. ಚಂದ್ರನ ಬಿಂಬಾವಸ್ಥೆ

ಬಿಂಬಾವಸ್ಥೆ ಅಂದ್ರ ಚಂದ್ರ ದಿನಾ ದಿನಾ ಹೆಚ್ಚಾಗೋದು ಕಡಿಮಿ ಆಗೋದು, ಅಷ್ಟೇ. ಇದಕ್ಕ ಪೂರಾ ಒಂದು ಪಿರಿಯಡ್ ಇಡ್ರಿ, ಆಗಲಿಲ್ಲಂದ್ರ ಎರಡು.

ಮೊದ್ಲ ಕೇಳ್ರಿ: ಚಂದ್ರ ಯಾಕ ಸಣ್ಣ ಆಗ್ತಾನ? ಭೂಮಿ ನೆರಳು ಬೀಳ್ತದ್ರಿ ಸರ್ ಅಂತ ಬಹಳ ಮಂದಿ ಹೇಳ್ತಾರ, ದೊಡ್ಡವ್ರೂ ಹೇಳ್ತಾರ. ಬೋರ್ಡ್ ಮ್ಯಾಲ ಬರದು ಇಡ್ರಿ, ಸರಿ ತಪ್ಪು ಈಗ ಹೇಳಬ್ಯಾಡ್ರಿ.

ಪೆನ್ಸಿಲ್‌ಗೆ ಚುಚ್ಚಿದ ಬಿಳಿ ಬಾಲು ಕೈ ಪೂರಾ ಚಾಚಿ ಹಿಡೀಲಿ, ತಲಿಗಿಂತ ಸಟಗ ಮ್ಯಾಲ. ಬಲ್ಬಿನ ಕಡೆ ಮಾರಿ ಮಾಡಿ ಬಾಲು ಬಲ್ಬಿನ ದಿಕ್ಕಿಗೇ ಹಿಡದ್ರ ನಮ್ಮ ಕಡೆ ಇರೋ ಮಗ್ಗಲು ಪೂರಾ ಕಪ್ಪು: ಅಮಾಸಿ. ಈಗ ಬಾಲು ಹಿಡ್ಕೊಂಡೇ ಎಡಕ್ಕ ನಿಧಾನ ತಿರುಗ್ಲಿ. ಬಾಲಿನ ಬಲ ಅಂಚಿಗೆ ಸಣ್ಣ ಬೆಳಕಿನ ಗೆರಿ ಮೂಡ್ತದ, ಅದೇ ಬಿದಿಗಿ ಚಂದ್ರ. ಇನ್ನೂ ತಿರುಗಿದ್ರ ಅರ್ಧ, ಬಲ್ಬಿಗೆ ಬೆನ್ನು ಬಂದಾಗ ಪೂರಾ ಬೆಳಕು: ಹುಣ್ಣಿವಿ. ಆಮ್ಯಾಲ ಬಲಗಡೆಯಿಂದ ಕಪ್ಪಾಗ್ತ ಹೋಗಿ ಎಡ ಅಂಚಿನ ಗೆರಿ ಉಳ್ದು ಮತ್ತ ಅಮಾಸಿ. ಪ್ರತಿ ಹಂತಕ್ಕ ಎಲ್ಲಾರೂ ನಿಂತು, ನೋಡಿದ್ದನ್ನ ನೋಟ್‌ಬುಕ್ಕಿನ್ಯಾಗ ತಗೀಲಿ.

ಇಲ್ಲಿ ಎಡವೋ ಜಾಗ ಬಹಳ ಅವ, ಒಂದೊಂದಾಗಿ ಹೇಳ್ತೀನಿ. ಹುಣ್ಣಿವಿಗೆ ಬಾಲು ತಲಿ ಮಟ್ಟಕ್ಕ ಹಿಡದ್ರ ತಲಿ ನೆರಳೇ ಬಾಲಿನ ಮ್ಯಾಲ ಬಿದ್ದು ಕಪ್ಪಾಗ್ತದ, ಹುಡುಗ್ರು ನೋಡ್ರಿ ಸರ್ ನೆರಳು ಅಂತ ಮತ್ತ ಅಲ್ಲಿಗೇ ಹೋಗ್ತಾರ. ಅದು ಗ್ರಹಣ, ಅದಕ್ಕ ಮುಂದ ಬರ್ತೀವಿ, ಸದ್ಯ ಮ್ಯಾಲ ಹಿಡೀರಿ ಅನ್ರಿ. ಎರಡನೇದು, ಸುತ್ತಲಿನ ಬಿಳಿ ಗ್ವಾಡಿಗೆ ಬೆಳಕು ಬಡದು ವಾಪಸ್ ಬಂದು ಬಾಲಿನ ಕಪ್ಪು ಮಗ್ಗಲೂ ಬೆಳಗ್ತದ, ಫರಕು ಕಾಣಂಗಿಲ್ಲ, ಬಿಳಿ ಅಂಗಿ ಹಾಕಿದ್ರೂ ಹಂಗೇ. ಗ್ವಾಡಿಯಿಂದ ದೂರ ನಿಲ್ಲಸ್ರಿ. ಮೂರನೇದು, ಬಲ್ಬ್ ಬಹಳ ಹತ್ರ ಇದ್ರ ಕಾಲು ಸುತ್ತು ತಿರುಗೋದ್ರಾಗೇ ಅರ್ಧ ಚಂದ್ರ ದಾಟಿ ಹೋಗಿರ್ತದ, ಯಾಕಂದ್ರ ಖರೇ ಸೂರ್ಯ ಚಂದ್ರನಿಗಿಂತ ಸುಮಾರು 390 ಪಟ್ಟು ದೂರ ಅದಾನ, ನಮ್ಮ ಬಲ್ಬ್ ಮೂರು ನಾಕು ಪಟ್ಟು ಅಷ್ಟೇ. ಕ್ವಾಣಿ ಎಷ್ಟು ದೊಡ್ಡದಿದ್ರ ಅಷ್ಟು ಛಲೋ, ಮತ್ತ ಮಾಡೆಲಿನ ಈ ಸುಳ್ಳನ್ನ ಹುಡುಗ್ರಿಗೆ ಬಾಯಿ ಬಿಟ್ಟು ಹೇಳ್ರಿ. ನಾಕನೇದು, 60 ಮಂದಿ ಹುಡುಗ್ರಿದ್ರ ಎಲ್ಲಾರೂ ಒಮ್ಮೆಗೇ ಬ್ಯಾಡ, ಒಂದು ಬಲ್ಬಿನ ಸುತ್ತ 10-12 ಮಂದಿ ಸಾಕು, ಉಳದವ್ರು ಹೊರಗ ಕೋಲಿನ ನೆರಳು ಅಳೀಲಿ. ಕ್ಲಾಸಿನ್ಯಾಗ ಕಣ್ಣು ಕಾಣದ ಮಗು ಇದ್ರ ಬಾಲಿನ ಅರ್ಧಕ್ಕ ಹತ್ತಿ ಅಂಟಿಸಿ, ಹತ್ತಿ ಇದ್ದದ್ದು ಯಾವಾಗ್ಲೂ ಬಲ್ಬಿನ ಕಡೆ ಇರೋ ಹಂಗ ಜೋಡಿದಾರ ಹಿಡ್ಕೊಂಡು, ತನ್ನ ಕಡೆಯ ಮಗ್ಗಲು ಮುಟ್ಟಿ ನೋಡ್ಲಿ. ಅಮಾಸಿ, ಹುಣ್ಣಿವಿ ಕೈಗೇ ತಿಳೀತದ.

ಈಗ ಮಾಡೆಲಿಗೆ ಪ್ರಶ್ನೆ ಕೇಳೋ ಹೊತ್ತು, ಖರೇ ಪಾಠ ಇಲ್ಲೇ ಇರೋದು. ಹುಡುಗ್ರಿಗೆ ಗೊತ್ತಿದ್ದದ್ದೇ ಕೇಳ್ರಿ. ರಂಜಾನ್ ಚಾಂದ್ ನೋಡೋಕ ಎಲ್ಲಾರೂ ಸಂಜಿಗೇ ಮಾಳಿಗಿ ಹತ್ತಿ ಪಶ್ಚಿಮಕ್ಕೇ ಯಾಕ ನೋಡ್ತಾರ, ಮತ್ತ ಸಟಗ ಹೊತ್ತಿನ್ಯಾಗೇ ಯಾಕ ಕಾಣಂಗಾಗ್ತದ? ಬಾಲನ್ನ ಸಣ್ಣ ಗೆರಿ ಕಾಣೋ ಜಾಗದಾಗ ಜೋಡಿದಾರನ ಕೈಗೆ ಕೊಟ್ಟು ಅಲ್ಲೇ ನಿಲ್ಲಿಸಿ, ತಾನು ದಿನದ ಹಂಗ ಎಡಕ್ಕ ತಿರುಗಿದ್ರ, ಬಲ್ಬ್ ಬಲಗೈಗೆ ಮುಳುಗಿದ್ಮ್ಯಾಲ ಹಿಂದ ಹಿಂದೇ ಬಾಲೂ ಮುಳುಗ್ತದ. ಉತ್ತರ ಹುಡುಗನ ಬಾಯಿಂದನೇ ಬರ್ತದ. ಎಳ್ಳ ಅಮಾಸಿಗೆ ಹೊಲಕ್ಕ ಹೋಗಿ ಚರಗ ಚೆಲ್ಲಿ ಬರೋ ಹೊತ್ತಿಗೆ ಚಂದ್ರ ಎಲ್ಲಿದ್ದ? ಸೂರ್ಯನ ಜೋಡಿನೇ ಇದ್ದ, ಅದಕ್ಕ ಕಾಣಲಿಲ್ಲ. ಕಾರ ಹುಣ್ಣಿವಿಗೆ ಚಂದ್ರ ಎಷ್ಟು ಗಂಟೆಗೆ ಹುಟ್ತಾನ? ಸೂರ್ಯ ಮುಳುಗೋ ಹೊತ್ತಿಗೇ. ಮುಂಜಾನಿ ಸಾಲಿಗೆ ಬರೋವಾಗ ಆಕಾಶದಾಗ ಅರ್ಧ ಚಂದ್ರ ಕಂಡ್ರ ಅದು ಹುಣ್ಣಿವಿ ಆದ್ಮ್ಯಾಲಿಂದೋ ಮೊದಲಿಂದೋ? ಇದಕ್ಕ ಉತ್ತರ ತಗದ್ರು ಅಂದ್ರ ಪಾಠ ಹತ್ತ್ಯದ ಅಂತ ತಿಳೀರಿ.

ಮನಿ ಕೆಲಸ: ಅಮಾಸಿ ಆಗಿ ಮೂರನೇ ದಿನದಿಂದ ಹುಣ್ಣಿವಿ ತನಕ ದಿನಾ ಸಂಜಿ 7 ಗಂಟೆಗೆ ಒಂದೇ ಜಾಗದಾಗ ನಿಂತು ಚಂದ್ರನ ಆಕಾರ, ಯಾವ ಮನಿ ಇಲ್ಲಾ ಯಾವ ಗಿಡದ ಮ್ಯಾಲ ಇದ್ದ ಅನ್ನೋದು ಚಿತ್ರ ತಗೀಬೇಕು. ಚಂದ್ರ ದಿನಾ ಸರಾಸರಿ 50 ನಿಮಿಷ ತಡ ಮಾಡ್ತಾನ, ಅದಕ್ಕ 7ರ ಹೊತ್ತಿಗೆ ನೋಡಿದ್ರ ದಿನಾ ಪೂರ್ವಕ್ಕ ಸರದಿರ್ತಾನ. ಒಂದು ಎಚ್ಚರಿಕಿ, ಬಿದಿಗಿ ತದಿಗಿ ಚಂದ್ರ ಪುಸ್ತಕದ ಚಿತ್ರದಾಗ ನೆಟ್ಟಗ ನಿಂತಿರ್ತದ, ನಮ್ಮ ಆಕಾಶದಾಗ ಓರೆ ಆಗಿ, ಮಾರ್ಚ್ ಸುತ್ತಮುತ್ತ ಅಂತೂ ದೋಣಿ ಹಂಗ ಮಲಗಿರ್ತದ, ಯಾಕಂದ್ರ ನಾವು ಭೂಮಧ್ಯರೇಖೆಗೆ ಹತ್ರ ಇದ್ದೀವಿ. ಹುಡುಗ ಮಲಗಿದ ಚಂದ್ರ ತಗದ್ರ ತಪ್ಪು ಹಾಕಬ್ಯಾಡ್ರಿ, ಅವನೇ ಸರಿ. ಗಣೇಶ ಚೌತಿ ದಿನ ಚಂದ್ರ ನೋಡಬಾರದು ಅಂತ ಮನ್ಯಾಗ ಹೇಳ್ತಾರ, ಆವತ್ತಿಂದು ಬಿಟ್ಟು ಬಿಡ್ರಿ, ಒಂದು ದಿನ ಖಾಲಿ ಇದ್ರ ಏನೂ ಕೆಡಂಗಿಲ್ಲ, ಎರಡು ದಿನದ ನಡುವಿನ ಆಕಾರ ಹುಡುಗ್ರೇ ಊಹೆ ಮಾಡಿ ತಗೀಲಿ.

ಆಮ್ಯಾಲ ಬೋರ್ಡ್ ಮ್ಯಾಲ ಬರದಿಟ್ಟ ಉತ್ತರಕ್ಕ ವಾಪಸ್ ಬರ್ರಿ, ಭೂಮಿ ನೆರಳು ಅಂದಿದ್ರಲ್ಲ, ಬಿದಿಗಿ ಚಂದ್ರ ಸೂರ್ಯನ ಕಡೆ ಇರೋವಾಗ ಭೂಮಿ ನೆರಳು ಅಲ್ಲಿಗೆ ಹೆಂಗ ಬಿತ್ತು? ಅಳಿಸೋದು ಅವ್ರೇ ಅಳಿಸ್ಲಿ.

4. ನಾಕು ಫೂಟಿನ ಕೋಲಿನ್ಯಾಗ ಗ್ರಹಣ

ಇದಕ್ಕ ಬಲ್ಬ್ ಬ್ಯಾಡ, ಖರೇ ಸೂರ್ಯನೇ ಬೇಕು. ಟೇಬಲ್ ಟೆನ್ನಿಸ್ ಬಾಲು 4 ಸೆಂ.ಮೀ. ಇರ್ತದ, ಅದು ಭೂಮಿ. ಚಂದ್ರನ ಅಡ್ಡಳತಿ ಭೂಮಿಯ ಕಾಲು ಭಾಗಕ್ಕಿಂತ ಸಟಗ ಜಾಸ್ತಿ, ಅದಕ್ಕ ಜೇಡಿಮಣ್ಣಿಂದ 1.1 ಸೆಂ.ಮೀ. ಗುಂಡು ಮಾಡಿ ಒಣಗಸ್ರಿ. ಚಂದ್ರ ಇರೋದು 3,84,400 ಕಿ.ಮೀ. ದೂರ, ಅಂದ್ರ ಭೂಮಿಯ ಅಡ್ಡಳತಿಯ ಸುಮಾರು 30 ಪಟ್ಟು, ನಮ್ಮ ಬಾಲಿಗೆ ಅದು 120 ಸೆಂ.ಮೀ., ನಾಕು ಫೂಟಿನ ಕೋಲಿಗೆ ಬರೋಬ್ಬರಿ ಕೂಡ್ತದ. ಅಂಟಿಸೋಕ್ಕಿಂತ ಮೊದ್ಲ ಚಂದ್ರ ಎಷ್ಟು ದೂರ ಇಡಬೇಕು ತೋರಸ್ರಿ ಅಂತ ಕೇಳ್ರಿ, ಬಹಳ ಮಂದಿ ಒಂದು ಗೇಣು ತೋರಿಸ್ತಾರ, ಪುಸ್ತಕದ ಚಿತ್ರ ಕಲಿಸಿದ್ದು ಅದು. ಎರಡೂ ತುದಿಗೆ ಮೊಳೆ ಹೊಡದು ಒಂದೊಂದು ಉಂಡಿ ಸಿಕ್ಕಸ್ರಿ.

ಬಿಸಿಲಿಗೆ ಒಯ್ದು ಸೂರ್ಯನಿಗೆ ಬೆನ್ನು ಮಾಡಿ ನಿಂತು, ಚಂದ್ರ ಸೂರ್ಯನ ಕಡೆ ಇರೋ ಹಂಗ ಕೋಲು ಹೆಗಲ ಮ್ಯಾಲಿಂದ ಹಿಡಿದು, ಸಣ್ಣ ಗುಂಡಿನ ನೆರಳು ದೊಡ್ಡ ಬಾಲಿನ ಮ್ಯಾಲ ಬೀಳಸ್ರಿ. ಮಸುಕು ಮಸುಕು ಸಣ್ಣ ಚುಕ್ಕಿ ಬೀಳ್ತದ: ಸೂರ್ಯಗ್ರಹಣ. ಆ ಚುಕ್ಕಿ ಬಾಲಿನ ಎಲ್ಲಾ ಕಡೆ ಇರಂಗಿಲ್ಲ ನೋಡ್ರಿ, ಅದಕ್ಕೇ ಪೂರ್ಣ ಗ್ರಹಣ ಒಂದು ಪಟ್ಟಿಯಾಗ ಇದ್ದವ್ರಿಗೆ ಮಾತ್ರ ಕಾಣೋದು. 1980ರ ಫೆಬ್ರವರಿ 16ಕ್ಕ ಅಂಥಾ ಪಟ್ಟಿ ನಮ್ಮ ಮಗ್ಗಲಿನ ರಾಯಚೂರು ಮ್ಯಾಲಿಂದ ಹೋಗಿತ್ತು, ಹುಡುಗ್ರು ಮನ್ಯಾಗ ಅಜ್ಜ ಅಜ್ಜಿಗೆ ಕೇಳಿ ಬರ್ಲಿ. ಕೋಲು ತಿರುವಿ ದೊಡ್ಡ ಬಾಲಿನ ನೆರಳಿನ್ಯಾಗ ಗುಂಡು ಮುಚ್ಚಿದ್ರ ಚಂದ್ರಗ್ರಹಣ.

ಹುಡುಗ್ರು ಕೋಲು ಹೊಂದಿಸಾಕ ಒದ್ದಾಡ್ತಾರ, ಒದ್ದಾಡ್ಲಿ, ನೀವು ಹಿಡಿದು ತೋರಿಸಬ್ಯಾಡ್ರಿ. ಪ್ರತಿ ಅಮಾಸಿಗೆ ಯಾಕ ಗ್ರಹಣ ಆಗಂಗಿಲ್ಲ ಅನ್ನೋದು ಆ ಒದ್ದಾಟದಾಗೇ ತಿಳಿಯೋದು. ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆ ಅದ, ಈ ಕೋಲಿನ ಅಳತಿಗೆ ಚಂದ್ರ 10-11 ಸೆಂ.ಮೀ. ತನಕ ಮ್ಯಾಲ ಕೆಳಗ ಹೋಗ್ತಾನ, ನೆರಳು ತಪ್ಪಿಸಿಕೊಳ್ಳಾಕ ಅದು ಬೇಕಾದಷ್ಟಾತು. ಎರಡೂ ದಾರಿ ಕೂಡೋ ಎರಡು ಜಾಗಕ್ಕ ಪಾತಬಿಂದು ಅಂತಾರ, ನಮ್ಮ ಹಳೇ ಜ್ಯೋತಿಷ್ಯ ಲೆಕ್ಕದಾಗ ರಾಹು ಕೇತು ಅಂದ್ರ ಇವೇ ಎರಡು ಬಿಂದು. ಚಂದ್ರ ಅಲ್ಲಿ ಇರೋವಾಗ ಅಮಾಸಿ ಇಲ್ಲಾ ಹುಣ್ಣಿವಿ ಬಂದ್ರ ಗ್ರಹಣ. ರಾಹು ನುಂಗ್ತಾನ ಅಂತ ಕೇಳಿ ಬೆಳದ ಮಕ್ಕಳಿಗೆ ಇದು ಹೇಳಿದ್ರ ಮನಿಯವ್ರನ್ನ ಹೀಯಾಳಿಸಿದ ಹಂಗೂ ಆಗಂಗಿಲ್ಲ, ವಿಷಯನೂ ತಿಳೀತದ.

ಯಾವ ಕಾರಣಕ್ಕೂ ಹುಡುಗ್ರು ಸೂರ್ಯನ್ನ ನೆಟ್ಟಗ ನೋಡಬಾರದು. ಎಕ್ಸ್‌ರೇ ಹಾಳಿ, ಕೂಲಿಂಗ್ ಗ್ಲಾಸ್, ನೀರಿನ ಪರಾತ, ಯಾವುದೂ ಬ್ಯಾಡ. ಬೆನ್ನು ಮಾಡಿ ನೆರಳು ನೋಡೋ ಆಟ ಇದು, ಬೆನ್ನೇ ಇರ್ಲಿ.

5. ಋತು ಬದಲಾಗೋದು

ಭೂಮಿ ಸೂರ್ಯನ ಹತ್ರ ಹೋದಾಗ ಬ್ಯಾಸಗಿ ಅನ್ನೋ ತಪ್ಪು ಬಹಳ ಗಟ್ಟಿ ಕೂತಿರ್ತದ. ಭೂಮಿ ಸೂರ್ಯನಿಗೆ ಎಲ್ಲಾಕ್ಕಿಂತ ಹತ್ರ ಇರೋದು ಜನವರಿ ಮೊದಲ ವಾರ, ಸುಮಾರು 14.7 ಕೋಟಿ ಕಿ.ಮೀ.; ದೂರ ಇರೋದು ಜುಲೈ ಮೊದಲ ವಾರ, 15.2 ಕೋಟಿ. ಜನವರ್ಯಾಗ ಬೀದರ್‌ದಾಗ ಮುಂಜಾನಿ ಸ್ವೆಟರ್ ಹಾಕ್ಕೊಂಡು ಬರೋ ಹುಡುಗ್ರಿಗೆ ಇದೊಂದು ಮಾತು ಸಾಕು ತಲಿ ಕೆಡಿಸಾಕ.

ಗ್ಲೋಬ್ ಹೆಂಗೂ 23.5 ಡಿಗ್ರಿ ವಾಲಿಸೇ ಮಾಡಿರ್ತಾರ. ಬಲ್ಬಿನ ಸುತ್ತ ಅದನ್ನ ಹೊತ್ಕೊಂಡು ತಿರುಗ್ರಿ, ಆದ್ರ ಅಕ್ಷದ ಮ್ಯಾಲ ತುದಿ ಯಾವಾಗ್ಲೂ ಒಂದೇ ಗ್ವಾಡಿ ಕಡೆ ಮಾರಿ ಮಾಡಿರಬೇಕು. ಎಲ್ಲಾರೂ ತಪ್ಪೋದು ಇಲ್ಲೇ, ನಡಕೋತ ಹೋದಂಗ ಕೈ ತಂತಾನೇ ತಿರುಗಿ ಅಕ್ಷ ಯಾವಾಗ್ಲೂ ಬಲ್ಬಿನ ಕಡೆಗೇ ವಾಲ್ತದ, ಹಂಗಾದ್ರ ಋತುವೇ ಬದಲಾಗಂಗಿಲ್ಲ. ಗ್ವಾಡಿಗೆ ಒಂದು ನಕ್ಷತ್ರದ ಚೀಟಿ ಅಂಟಿಸಿ ಧ್ರುವ ನಕ್ಷತ್ರ ಅಂತ ಬರೀರಿ, ಅದರ ಕಡೆಗೇ ತೋರಿಸ್ಕೋತ ನಡೀರಿ. (ಖರೇ ಧ್ರುವ ನಕ್ಷತ್ರ ಕಲಬುರಗಿಯಿಂದ ಉತ್ತರ ದಿಗಂತದ ಮ್ಯಾಲ ಸುಮಾರು 17 ಡಿಗ್ರಿ ಎತ್ತರದಾಗ ಕಾಣ್ತದ, ನಮ್ಮ ಅಕ್ಷಾಂಶದಷ್ಟೇ.)

ಮುಂದ ಟಾರ್ಚ್ ಚೌಕಳಿ ಹಾಳಿ ಮ್ಯಾಲ ನೆಟ್ಟಗ ಬಿಟ್ಟು ಎಷ್ಟು ಚೌಕ ಬೆಳಗಿದ್ವು ಎಣಸ್ರಿ, ಅಷ್ಟೇ ದೂರದಿಂದ ಓರೆ ಹಿಡಿದು ಎಣಸ್ರಿ. ಅದೇ ಬೆಳಕು ಜಾಸ್ತಿ ಚೌಕಕ್ಕ ಹಂಚಿ ಹೋಗ್ತದ, ಒಂದೊಂದಕ್ಕ ಸಿಗೋದು ಕಡಿಮಿ. ಡಿಸೆಂಬರ್ 21ಕ್ಕ ಕಲಬುರಗ್ಯಾಗ ನಡುಮಧ್ಯಾಹ್ನದ ಸೂರ್ಯ 49 ಡಿಗ್ರಿ ಎತ್ತರದಾಗ ಇರ್ತಾನ, ಹಗಲೂ 11 ತಾಸು ಅಷ್ಟೇ. ಜೂನ್ 21ಕ್ಕ ನೆತ್ತಿಗೆ 6 ಡಿಗ್ರಿ ಮಾತ್ರ ಓರೆ, ಹಗಲು 13 ತಾಸಿನ ಮ್ಯಾಲ. ಹಂಗಾದ್ರ ಜೂನ್‌ಗಿಂತ ಮೇ ಯಾಕ ಸುಡ್ತದ ಅಂತ ಶಾಣ್ಯಾ ಹುಡುಗ ಕೇಳ್ತಾನ. ಮೇದಾಗ ಸೂರ್ಯ ನೆತ್ತಿ ಮ್ಯಾಲ, ಆಕಾಶ ಬೋಳು, ನೆಲ ಒಣ. ಜೂನ್‌ದಾಗ ಮುಂಗಾರಿನ ಮೋಡ ಬಂದು ಬಿಸಿಲು ತಡೀತದ.

6. ತೊಗರಿ ಕಾಳಿನಷ್ಟು ಭೂಮಿ

ಸ್ಕೇಲ್ ಅಂದ್ರ ಗಾತ್ರ ದೂರ ಎರಡನ್ನೂ ಒಂದೇ ಪ್ರಮಾಣದಾಗ ಸಣ್ಣ ಮಾಡೋದು. ಗಾತ್ರಕ್ಕ ಒಂದು ಪ್ರಮಾಣ, ದೂರಕ್ಕ ಇನ್ನೊಂದು ಮಾಡಿದ್ರ ಅದು ಮತ್ತ ಥರ್ಮಾಕೋಲ್ ಸೌರಮಂಡಲನೇ.

ಮೊದ್ಲ ಕನ್ನಡಿ ತುಣುಕಿಂದ ಸೂರ್ಯನ್ನ ಅಳೀರಿ. ತುಣುಕಿನ ಮ್ಯಾಲ ದಪ್ಪ ಕಾಗದ ಅಂಟಿಸಿ ನಡುವ 5 ಮಿ.ಮೀ. ತೂತು ಬಿಡ್ರಿ, ಹೊರಗ ಬಿಸಿಲಿನ್ಯಾಗ ಮಣ್ಣಿನ ಮುದ್ದಿಗೆ ಸಿಕ್ಕಿಸಿ ಬೆಳಕು ಕತ್ತಲ ಕ್ಲಾಸಿನ ಗ್ವಾಡಿಗೆ ಬೀಳಸ್ರಿ. 10 ಮೀಟರ್ ದೂರಕ್ಕ ಸುಮಾರು 9-10 ಸೆಂ.ಮೀ.ನ ದುಂಡನೆ ಬಿಂಬ ಬೀಳ್ತದ, ಕನ್ನಡಿ ಯಾವ ಆಕಾರದ್ದಿದ್ರೂ ದುಂಡಗೇ ಬೀಳೋದು, ಯಾಕಂದ್ರ ಅದು ಸೂರ್ಯನ ಚಿತ್ರ. ದೂರನ್ನ ಬಿಂಬದ ಅಗಲದಿಂದ ಭಾಗಿಸಿದ್ರ 107ರ ಹತ್ರ ಬರಬೇಕು. ಸೂರ್ಯ 14.96 ಕೋಟಿ ಕಿ.ಮೀ. ದೂರ ಇದ್ದಾನ ಅಂತ ಹೇಳಿ 107ರಿಂದ ಭಾಗಿಸಾಕ ಹಚ್ರಿ, ಸೂರ್ಯನ ಅಡ್ಡಳತಿ ಸುಮಾರು 14 ಲಕ್ಷ ಕಿ.ಮೀ. ಅಂತ ಹುಡುಗ್ರ ಕೈಯಾಗೇ ಬರ್ತದ. ಕನ್ನಡಿ ಬೆಳಕು ಯಾರ ಕಣ್ಣಿಗೂ ಬೀಳಬಾರದು, ಅದರ ಹತ್ರ ಒಬ್ಬ ಜವಾಬ್ದಾರಿ ಹುಡುಗ ನಿಂತಿರ್ಲಿ.

ಈಗ ಮೈದಾನಕ್ಕ ನಡೀರಿ. ನಮ್ಮ ಕಲಬುರಗಿ ತೊಗರಿ ಕಾಳು, 6 ಮಿ.ಮೀ. ಇರೋದು ಆರಿಸಿ ತಗೋರಿ, ಅದು ಭೂಮಿ. ಚಂದ್ರ ಸಾಸಿವಿ ಕಾಳು, ತೊಗರಿಯಿಂದ 18 ಸೆಂ.ಮೀ. ದೂರ, ಎರಡನ್ನೂ ಒಂದೇ ರಟ್ಟಿನ ಪಟ್ಟಿಗೆ ಅಂಟಸ್ರಿ. ಸೂರ್ಯ 65 ಸೆಂ.ಮೀ. ಅಗಲ, ಹಳದಿ ಅರಿವಿ ಇಲ್ಲಾ ರಟ್ಟು ಕತ್ತರಿಸಿ ಸಾಲಿ ಗೇಟಿಗೆ ಕಟ್ರಿ. ತೊಗರಿ ಹಿಡ್ಕೊಂಡ ಹುಡುಗ ಅಲ್ಲಿಂದ 70 ಮೀಟರ್ ನಡೀಬೇಕು. ನಡಿಯೋ ಮುಂಚೆ ಎಲ್ಲಾರೂ ತಮ್ಮ ತಮ್ಮ ಅಂದಾಜಿನ ಜಾಗಕ್ಕ ಹೋಗಿ ನಿಲ್ಲಲಿ, ಇದನ್ನ ಬಿಡಬ್ಯಾಡ್ರಿ. 70 ಮೀಟರಿಂದ ಹೊಳ್ಳಿ ನೋಡಿದ್ರ ಗೇಟಿನ ಸೂರ್ಯ ಆಕಾಶದ ಸೂರ್ಯನಷ್ಟೇ ಕಾಣ್ತದ, ಹುಡುಗ್ರು ಕಿರುಬೆರಳು ಚಾಚಿ ರಟ್ಟಿನ ಸೂರ್ಯನ್ನ ಮುಚ್ಚಿ ನೋಡ್ಲಿ, ಆಕಾಶದ ಸೂರ್ಯನ ಮ್ಯಾಲ ಈ ಪ್ರಯೋಗ ಬ್ಯಾಡ.

ಉಳದವು: ಬುಧ 2.3 ಮಿ.ಮೀ., 27 ಮೀಟರಿಗೆ. ಶುಕ್ರ ಇನ್ನೊಂದು ತೊಗರಿ ಕಾಳು, 51 ಮೀಟರಿಗೆ. ಮಂಗಳಕ್ಕ ಸಣ್ಣ ಜೋಳದ ಕಾಳು, 107 ಮೀಟರಿಗೆ. ಗುರು ಟೆನ್ನಿಸ್ ಬಾಲು, 365 ಮೀಟರಿಗೆ, ಇಲ್ಲಿಗೆ ಬಹಳ ಸಾಲಿಗಳ ಮೈದಾನ ಮುಗದಿರ್ತದ. ಶನಿ 57 ಮಿ.ಮೀ., 670 ಮೀಟರಿಗೆ. ಯುರೇನಸ್, ನೆಪ್ಚೂನ್ ದೊಡ್ಡ ಗೋಲಿಗುಂಡು, ಒಂದು 1,345 ಮೀಟರಿಗೆ, ಇನ್ನೊಂದು 2.1 ಕಿ.ಮೀ.ಗೆ. ಮಂಗಳ ತನಕ ನಡಸ್ರಿ, ಮುಂದಿಂದು ಊರಿನ ನಕ್ಷಾದಾಗ ಗುರುತು ಹಾಕ್ಸ್ರಿ: ಶನಿ ಬಸ್ ಸ್ಟ್ಯಾಂಡಿಗೆ ಬಂತೋ ಕೆರಿಗೆ ಬಂತೋ, ನೆಪ್ಚೂನ್ ಯಾವ ಹೊಲಕ್ಕ ಹೋತು. ರೋಡಿನ ಮ್ಯಾಲ ಹುಡುಗ್ರನ್ನ ಕರ್ಕೊಂಡು ಹೋಗೋದು ಬ್ಯಾಡೇ ಬ್ಯಾಡ. ಸೂರ್ಯ ಬಿಟ್ರ ನಮಗ ಹತ್ರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ ದೂರ, ತೊಗರಿ ಲೆಕ್ಕದಾಗ ಎಷ್ಟು ಅಂತ ಕೇಳಿ ಎಂಟನೇ ಕ್ಲಾಸಿಗೆ ಗಣಿತದ ಲೆಕ್ಕ ಕೊಡ್ರಿ. ಉತ್ತರ 18,800 ಕಿ.ಮೀ. ಸುತ್ತ ಬರಬೇಕು, ಅಂದ್ರ ಖರೇ ಭೂಮಿಯ ಅಡ್ಡಳತಿಗಿಂತನೂ ದೊಡ್ಡದು. ಸೊನ್ನಿ ಬಿಟ್ಟು ತಪ್ಪೋದು ಜಾಸ್ತಿ, ಜೋಡಿ ಜೋಡಿ ಕೂಡಿಸಿ ಮಾಡಸ್ರಿ.

ಯಾವ ತಿಂಗಳು ಯಾವುದು

ಪಾಠ ಪುಸ್ತಕದಾಗ ಯಾವಾಗ ಬರ್ತದೋ ಆವಾಗ ಒಂದೇ ವಾರದಾಗ ಎಲ್ಲಾ ಮುಗಿಸಾಕ ಹೋಗಬ್ಯಾಡ್ರಿ. ಜೂನ್‌ದಾಗ ಮೋಡ ಇಲ್ಲದ ದಿನ ಸಿಕ್ರ ದಕ್ಷಿಣಕ್ಕ ಬೀಳೋ ನೆರಳು ಒಮ್ಮೆ ಅಳದು ಇಡ್ರಿ. ಮಳೆಗಾಲದಾಗ ಕ್ವಾಣಿ ಒಳಗಿನ ಬಲ್ಬಿನ ಆಟ, ಎರಡನೇದು, ಮೂರನೇದು, ಗ್ಲೋಬ್ ಮತ್ತ ಟಾರ್ಚು. ಸೆಪ್ಟೆಂಬರ್ 23ರ ಸುತ್ತ ಮತ್ತ ಕೋಲು. ಚಂದ್ರನ ಡೈರಿ ಅಕ್ಟೋಬರ್ ಕೊನೆಯಿಂದ ಜನವರಿ ತನಕ ಯಾವ ಶುಕ್ಲ ಪಕ್ಷದಾಗಾದ್ರೂ ನಡೀತದ, ಆಕಾಶ ಸ್ವಚ್ಛ ಇರ್ತದ. ಕನ್ನಡಿ, ತೊಗರಿ, ನಾಕು ಫೂಟಿನ ಕೋಲು ಚಳಿಗಾಲದ ಬಿಸಿಲಿಗೆ ಇಟ್ಕೋರಿ, ಡಿಸೆಂಬರ್ 21ರ ಉದ್ದ ನೆರಳು ತಪ್ಪಿಸಬ್ಯಾಡ್ರಿ. ಕಲಬುರಗ್ಯಾಗ ಜಿಲ್ಲಾ ವಿಜ್ಞಾನ ಕೇಂದ್ರ ಅದ, ಹುಡುಗ್ರನ್ನ ಅಲ್ಲಿಗೆ ಕರ್ಕೊಂಡು ಹೋಗೋದಿದ್ರ ಇದೆಲ್ಲ ಮಾಡಿಸಿದ್ಮ್ಯಾಲ ಹೋಗ್ರಿ, ಮೊದ್ಲೇ ಹೋದ್ರ ಸುಮ್ನ ನೋಡಿ ಬರ್ತಾರ, ಮಾಡಿ ಹೋದ್ರ ಪ್ರಶ್ನೆ ತಗೊಂಡು ಹೋಗ್ತಾರ.

ಮತ್ತ 2027ರ ಆಗಸ್ಟ್ 2, ಸೋಮವಾರ, ಸಂಜಿ ಹೊತ್ತು ಸೂರ್ಯಗ್ರಹಣ ಅದ, ನಮ್ಮ ಕಡೆ ಪೂರ್ತಿ ಅಲ್ಲ, ಭಾಗಶಃ. ಮಳೆಗಾಲ, ಮೋಡ ಇದ್ರೂ ಇರಬಹುದು, ಆದ್ರೂ ಕಾಗದ ಅಂಟಿಸಿದ ಕನ್ನಡಿ ತುಣುಕುಗಳನ್ನ ಡಬ್ಬ್ಯಾಗ ಹಾಕಿ ಜ್ವಾಪಾನ ಇಟ್ಟಿರ್ರಿ, ಮೋಡ ಸರದ್ರ ಆವತ್ತು ಗ್ವಾಡಿ ಮ್ಯಾಲ ಬೀಳೋ ಬಿಂಬಕ್ಕ ಒಂದು ಕಡೆ ಕಚ್ಚಿದ ಗುರುತು ಇರ್ತದ, ಇಡೀ ಕ್ಲಾಸು ಗ್ವಾಡಿ ಕಡೆ ಮಾರಿ ಮಾಡಿ ನೋಡಬಹುದು.